ಹಗಲಿನಲ್ಲಿ ಕಣ್ಣು ಮುಚ್ಚುವ ಗೋಸುಂಬೆ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹಸು, ಎಮ್ಮೆ, ನಾಯಿ, ಗಿಳಿಗಳ ವಿಷಯವೇ ಹೆಚ್ಚು. ಈ ತಿಂಗಳು ದಾವಣಗೆರೆಯ ಕಡೆಯ ತಾಯಿಯೊಬ್ಬರು ಬರೆದ ಪತ್ರ ಮಾತ್ರ ಬೇರೆ ಬಗೆಯದು. ಅವರ ಮಗಳ ಸಂಸಾರ ಅಮೆರಿಕೆಯ ಟೆಕ್ಸಾಸ್ ರಾಜ್ಯದಲ್ಲಿದೆ. ಹತ್ತು ವರ್ಷದ ಮೊಮ್ಮಗಳು ಹುಟ್ಟುಹಬ್ಬಕ್ಕೆ ಕಾಣಿಕೆಯಾಗಿ ಬಂದ ಗೋಸುಂಬೆಯೊಂದನ್ನು ಆರು ತಿಂಗಳಿಂದ ಸಾಕುತ್ತಿದ್ದಾಳೆ. ನಿತ್ಯ ಲಿಂಗಪೂಜೆ ನಡೆಯುವ ಮನೆಯಲ್ಲಿ ಜೀವಂತ ಹುಳುಗಳನ್ನು ತಂದಿರಿಸಲು ಹಿರಿಯರ ಮನಸ್ಸೊಪ್ಪದೆ, ಅದಕ್ಕೆ ಸೊಪ್ಪು, ಗಜ್ಜರಿ, ಸೇಬುಗಳನ್ನೇ ಹೆಚ್ಚಾಗಿ ಕೊಡುತ್ತಿದ್ದಾರೆ. ಹುಳು ವಾರಕ್ಕೊಮ್ಮೆ ಮಾತ್ರ. ಈಗ ಅದು ಕೊಂಬೆಯನ್ನು ತೊರೆದು ಪಂಜರದ ತಳದಲ್ಲಿ ಬಿದ್ದಿರುತ್ತದೆ, ಹೆಜ್ಜೆಯಿಡುವಾಗ ನಡುಗುತ್ತದೆ, ಹಾಡುಹಗಲಿನಲ್ಲಿಯೂ ಕಣ್ಣು ಮುಚ್ಚಿರುತ್ತದೆ. ಅದರ ಸ್ಥಿತಿ ಕಂಡು ಮಗುವೂ ಸರಿಯಾಗಿ ಉಣ್ಣುತ್ತಿಲ್ಲ. ಏನು ಮಾಡಬೇಕು, ಹುಳು ಕೊಡುವುದು ಪಾಪವಲ್ಲವೇ ಎಂಬುದು ಆ ತಾಯಿಯ ಪ್ರಶ್ನೆ.

ಮೊದಲು ಮಾಡಬೇಕಾದುದನ್ನು ಮೊದಲೇ ಹೇಳಿಬಿಡುತ್ತೇವೆ. ಈ ಪ್ರಾಣಿಯನ್ನು ತಡಮಾಡದೆ ಸರೀಸೃಪಗಳ ಚಿಕಿತ್ಸೆ ಬಲ್ಲ ಪಶುವೈದ್ಯರ ಬಳಿಗೆ ಒಯ್ಯಬೇಕು. ನಾಯಿ ಬೆಕ್ಕುಗಳನ್ನು ಮಾತ್ರ ನೋಡುವ ವೈದ್ಯರಿಗೆ ಇದರ ಪರಿಚಯವಿರಲಾರದು. ಅಮೆರಿಕೆಯಲ್ಲಿ ಸರೀಸೃಪ ಮತ್ತು ಉಭಯಚರಗಳ ಪಶುವೈದ್ಯರದೇ ಒಂದು ಸಂಘವಿದ್ದು, ಅದರ ಸದಸ್ಯರ ಪಟ್ಟಿಯಿಂದ ಸಮೀಪದ ವೈದ್ಯರನ್ನು ಗೊತ್ತುಮಾಡಿಕೊಳ್ಳಬಹುದು.

ಅಲ್ಲಿಯ ಮನೆಗಳಲ್ಲಿ ಸಾಮಾನ್ಯವಾಗಿ ಸಾಕುವುದು ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗಗಳ ಮೂಲದ, ತಲೆಯ ಮೇಲೆ ಕಿರೀಟದಂತಹ ಏಣುಳ್ಳ ಜಾತಿ. ನಮ್ಮ ಹೊಲದ ಬೇಲಿಗಳಲ್ಲಿ ಕಾಣುವ ಗೋಸುಂಬೆ ಇದರ ದಾಯಾದಿ. ಆದರೆ ನಮ್ಮ ಗೋಸುಂಬೆಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೆಂಬುದನ್ನು ಇಲ್ಲಿಯ ಓದುಗರು ನೆನಪಿನಲ್ಲಿಡಬೇಕು. ಗಾಯಗೊಂಡದ್ದು ಕಣ್ಣಿಗೆ ಬಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕೇ ಹೊರತು ಮನೆಗೆ ತರಬಾರದು. ಅದು ವಿಷಜಂತುವೆಂದು ಕಲ್ಲೆಸೆದು ಕೊಲ್ಲುವವರು ಇಂದಿಗೂ ಇದ್ದಾರೆ. ಅದರಲ್ಲಿ ವಿಷವೆಂಬುದು ಲವಲೇಶವೂ ಇಲ್ಲ.

ಬಣ್ಣ ಬದಲಿಸುವವರನ್ನೆಲ್ಲ ನಾವು ಗೋಸುಂಬೆಯೆಂದು ಜರೆಯುತ್ತೇವೆ. ಪಾಪ, ಆ ಪ್ರಾಣಿ ಬಣ್ಣ ಬದಲಿಸುವುದು ಯಾರನ್ನೂ ವಂಚಿಸಲಿಕ್ಕಲ್ಲ. ಅದರ ಚರ್ಮದ ಕೋಶಗಳೊಳಗೆ ಅತಿ ಸೂಕ್ಷ್ಮವಾದ ಹರಳುಗಳಿದ್ದು, ಅವುಗಳ ನಡುವಣ ಅಂತರ ಹೆಚ್ಚು ಕಡಿಮೆಯಾದಂತೆ ಬಣ್ಣವೂ ಬದಲಾಗುತ್ತದೆಂದು ಸ್ವಿಟ್ಜರ್ಲೆಂಡಿನ ಜಿನೀವಾದ ವಿಜ್ಞಾನಿಗಳು 2015ರಲ್ಲಿ ತೋರಿಸಿಕೊಟ್ಟರು. ಭಯ, ಕೋಪ, ಚಳಿ, ಬಿಸಿಲು, ಬೆದೆ ಇವೆಲ್ಲವೂ ಅದರ ಮೈಮೇಲೆ ಬರೆದಂತೆ ಕಾಣುತ್ತವೆ. ಬೆಳಗಿನ ಹೊತ್ತು ಮೈ ಕಾಯಿಸಿಕೊಳ್ಳಲು ಅದು ಕಪ್ಪಾಗುವುದು ಸಹಜ. ದಿನವಿಡೀ ಕಪ್ಪಾಗಿಯೋ ಬೂದಿ ಬಣ್ಣದ್ದಾಗಿಯೋ ಉಳಿದರೆ ಅದಕ್ಕೆ ನೋವಿದೆ, ಇಲ್ಲವೇ ಭಯವಿದೆ ಎಂದು ತಿಳಿಯಬೇಕು.

ಆದರೂ ರೋಗದ ವಿಷಯದಲ್ಲಿ ಈ ಪ್ರಾಣಿ ಬಹಳ ಗುಟ್ಟಿನದು. ಕಾಡಿನಲ್ಲಿ ಬಳಲಿಕೆಯನ್ನು ತೋರಿಸಿದ ಜೀವಿ ಬೇಗನೆ ಹಕ್ಕಿ ಹಾವುಗಳ ಪಾಲಾಗುತ್ತದೆ. ಆದುದರಿಂದ ಕೊನೆಯವರೆಗೂ ಅದು ತನ್ನ ಬೇನೆಯನ್ನು ಮರೆಮಾಚುತ್ತದೆ. ಅದು ನೆಲಕ್ಕಿಳಿದು ಕಣ್ಣು ಮುಚ್ಚಿದೆಯೆಂದರೆ ರೋಗ ಇಂದು ನಿನ್ನೆಯದಲ್ಲ. ಆರೋಗ್ಯದಿಂದಿರುವ ಗೋಸುಂಬೆ ಹಗಲಿನಲ್ಲಿ ಎರಡು ಕಣ್ಣುಗಳನ್ನೂ ಬೇರೆ ಬೇರೆ ದಿಕ್ಕಿಗೆ ಹೊರಳಿಸುತ್ತ ಎಚ್ಚರವಾಗಿರುತ್ತದೆ, ಕೊಂಬೆಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಹಿಡಿತ ಸಡಿಲುವುದು, ನಾಲಿಗೆಯನ್ನು ದೂರಕ್ಕೆ ಚಾಚಲಾರದೆ ಹುಳುವಿನ ಗುರಿ ತಪ್ಪುವುದು, ತೂಕ ಇಳಿಯುವುದು ಇವು ಮೊದಲು ಬರುವ ಸೂಚನೆಗಳು. ಅಡುಗೆಮನೆಯದಲ್ಲದ ಬೇರೊಂದು ಚಿಕ್ಕ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಗ್ರಾಮಿನಲ್ಲಿ ಬರೆದಿಡುವ ಕೆಲಸವನ್ನು ಮಗುವಿಗೇ ವಹಿಸಬಹುದು. ಕಣ್ಣು ಕಾಣದಿದ್ದುದನ್ನು ಆ ಪುಸ್ತಕ ಕಾಣುತ್ತದೆ.

ಪತ್ರದಲ್ಲಿರುವ ಲಕ್ಷಣಗಳನ್ನು ನೋಡಿದರೆ ನಮ್ಮ ಸಂಶಯ ಮೂಳೆಯ ರೋಗದ ಮೇಲೆ ಬೀಳುತ್ತದೆ. ಸಾಕಿದ ಗೋಸುಂಬೆಗಳಲ್ಲಿ ಇದು ಬಹಳ ಸಾಮಾನ್ಯ. ಆಹಾರದಲ್ಲಿ ಸುಣ್ಣದ ಅಂಶ ಸಾಲದಾದಾಗ, ಅಥವಾ ಸುಣ್ಣವಿದ್ದರೂ ಅದನ್ನು ಅರಗಿಸಿಕೊಳ್ಳಲು ಬೇಕಾದ ಡಿ ಜೀವಸತ್ವವಿಲ್ಲದಾಗ, ದೇಹವು ರಕ್ತಕ್ಕೆ ಬೇಕಾದ ಸುಣ್ಣವನ್ನು ತನ್ನ ಮೂಳೆಗಳಿಂದಲೇ ಕಿತ್ತುಕೊಳ್ಳುತ್ತದೆ. ಮನೆಯ ತೊಲೆಯನ್ನು ಕಿತ್ತು ಒಲೆಗೆ ಹಾಕಿದಂತೆ. ಕಾಲುಗಳು ಬಿಲ್ಲಿನಂತೆ ಬಾಗುತ್ತವೆ, ದವಡೆ ಮೆತ್ತಗಾಗುತ್ತದೆ, ಮೈ ನಡುಗುತ್ತದೆ, ಎಲುಬು ತಾನಾಗಿಯೇ ಮುರಿಯುವುದೂ ಉಂಟು.

ಡಿ ಜೀವಸತ್ವವನ್ನು ಗೋಸುಂಬೆ ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಿಂದ ತನ್ನ ಚರ್ಮದಲ್ಲಿಯೇ ತಯಾರಿಸಿಕೊಳ್ಳುತ್ತದೆ. ಪಂಜರವನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟಿದ್ದೇವೆಂದು ಅನೇಕರು ಸಮಾಧಾನಪಡುತ್ತಾರೆ. ಕಿಟಕಿಯ ಗಾಜು ಅಗತ್ಯವಾದ ಆ ಕಿರಣಗಳನ್ನೇ ತಡೆದುಬಿಡುತ್ತದೆ. ಅದಕ್ಕಾಗಿಯೇ ಇರುವ ಕೊಳವೆ ದೀಪವನ್ನು ದಿನಕ್ಕೆ ಸುಮಾರು 12 ಗಂಟೆ ಉರಿಸಬೇಕು. ಈ ದೀಪ ಬೆಳಗುತ್ತಲೇ ಇರುತ್ತದೆ, ಆದರೆ 6ರಿಂದ 12 ತಿಂಗಳುಗಳಲ್ಲಿ ಅದರ ಕಿರಣಶಕ್ತಿ ಕುಂದಿರುತ್ತದೆ. ಕಾಲಕಾಲಕ್ಕೆ ಬದಲಿಸದಿದ್ದರೆ ಬೆಳಕಿದ್ದೂ ಕತ್ತಲೆಯಲ್ಲಿಟ್ಟಂತೆಯೇ ಸರಿ. ಜತೆಗೆ, ಮೈ ಕಾಯಿಸಿಕೊಳ್ಳುವ ಕೊಂಬೆಯ ಬಳಿ 29ರಿಂದ 32 ಡಿಗ್ರಿ ಸೆಲ್ಸಿಯಸ್ ಶಾಖವಿರಬೇಕು. ಶಾಖವಿಲ್ಲದೆ ತಿಂದ ಆಹಾರ ಅರಗುವುದಿಲ್ಲ. ಶಾಖದ ದೀಪಕ್ಕೆ ಮೈ ತಾಗುವಂತಿದ್ದರೆ ಸುಟ್ಟ ಗಾಯಗಳಾಗುತ್ತವೆ.

ಇನ್ನು ಹುಳುವಿನ ಪ್ರಶ್ನೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬಸವಾದಿ ಶರಣರು ದಯೆಯನ್ನು ಧರ್ಮದ ಹೊರಗಿನ ಅಲಂಕಾರವೆಂದು ಎಣಿಸಲಿಲ್ಲ. ಹುಳುವೂ ಒಂದು ಜೀವವೆಂದು ಅಳುಕುವ ಮನಸ್ಸು ಗೌರವಕ್ಕೆ ಅರ್ಹವಾದುದು. ಆದರೆ ಸಸ್ಯಾಹಾರವು ನಾವು ನಮಗಾಗಿ ಕೈಗೊಂಡ ನಿಯಮ. ಗೋಸುಂಬೆ ಅದನ್ನು ಕೈಗೊಂಡಿಲ್ಲ, ಕೈಗೊಳ್ಳಲಾರದು. ಈ ಜಾತಿಯವು ಆಗೊಮ್ಮೆ ಈಗೊಮ್ಮೆ ಎಲೆಯನ್ನು ಕಡಿಯುವುದು ನಿಜ. ಆದರೆ ಅದರ ದೇಹ ಕಟ್ಟಲ್ಪಟ್ಟಿರುವುದು ಕೀಟಗಳಿಂದ. ಪಂಜರದಲ್ಲಿರುವ ಪ್ರಾಣಿ ಬೇರೆಡೆ ಹೋಗಿ ಆಹಾರ ಹುಡುಕಲಾರದು. ಅದನ್ನು ಬಂಧಿಸಿಟ್ಟು ನಮ್ಮ ವ್ರತವನ್ನು ಅದರ ಮೇಲೆ ಹೇರಿದರೆ ಹುಳು ಉಳಿಯಿತು, ಗೋಸುಂಬೆ ಸತ್ತಿತು ಎಂದಾಗುತ್ತದೆ. ಅದನ್ನು ದಯೆಯೆಂದು ಕರೆಯಲು ನಮಗೆ ಬಾಯಿ ಬರುವುದಿಲ್ಲ.

ಹುಳು ಕೊಡಲು ಮನೆಯವರಿಗೆ ಎಷ್ಟು ಮಾತ್ರಕ್ಕೂ ಆಗದೆಂದಾದರೆ ಅದರಲ್ಲಿ ನಾಚಿಕೆಯೇನೂ ಇಲ್ಲ. ಸಾಕಬಲ್ಲವರಿಗೆ, ಅಥವಾ ಸರೀಸೃಪಗಳನ್ನು ನೋಡಿಕೊಳ್ಳುವ ಸಂಸ್ಥೆಗೆ ಅದನ್ನು ಒಪ್ಪಿಸಬಹುದು. ಹೊರಗೆ ಬಿಟ್ಟುಬಿಡುವುದು ಮಾತ್ರ ಸಲ್ಲದು. ಚಳಿಗೆ ಅದು ಸಾಯುತ್ತದೆ. ಫ್ಲಾರಿಡಾ, ಹವಾಯಿಗಳಂತಹ ಬೆಚ್ಚನೆಯ ನಾಡುಗಳಲ್ಲಿ ಹೀಗೆ ಬಿಟ್ಟ, ತಪ್ಪಿಸಿಕೊಂಡ ಗೋಸುಂಬೆಗಳೇ ಸಂತಾನ ಬೆಳೆಸಿ ಅಲ್ಲಿಯ ಜೀವಿಗಳಿಗೆ ಕಂಟಕವಾಗಿವೆ. ಇಟ್ಟುಕೊಳ್ಳುವುದಾದರೆ ಅಲ್ಲಿಯ ಅಂಗಡಿಗಳಲ್ಲಿ ಸಿಗುವ, ಮಿಡತೆಯನ್ನು ಹೋಲುವ ಕ್ರಿಕೆಟ್ ಹುಳುಗಳಿಗೆ ಒಂದು ದಿನ ಸೊಪ್ಪು, ಗಜ್ಜರಿ ತಿನ್ನಿಸಿ, ಬಳಿಕ ಸುಣ್ಣದ ಪುಡಿಯನ್ನು ತೆಳ್ಳಗೆ ಲೇಪಿಸಿ ಕೊಡಬೇಕು. ಮನೆಯಲ್ಲಿ ಉಳಿದ ಸೊಪ್ಪಿಗೆ ಹೀಗೊಂದು ದಾರಿಯಾಯಿತು. ಬೇಸಿಗೆಯ ಸಂಜೆ ಮಕ್ಕಳು ಹಿಡಿದು ತರುವ ಮಿಣುಕುಹುಳುಗಳನ್ನು ಎಂದಿಗೂ ಕೊಡಬಾರದು. ಅವುಗಳ ಮೈಯಲ್ಲಿರುವ ವಿಷ ಇಂತಹ ಪ್ರಾಣಿಗಳನ್ನು ಕೊಲ್ಲಬಲ್ಲದು.

ಬೇರೆ ರೋಗಗಳನ್ನೂ ಗುರುತಿಸಲು ಕಲಿಯಬೇಕು. ಗೋಸುಂಬೆ ಬಟ್ಟಲಿನ ನೀರನ್ನು ಸಾಮಾನ್ಯವಾಗಿ ಕುಡಿಯುವುದಿಲ್ಲ, ಎಲೆಯ ಮೇಲಿನ ಹನಿಗಳನ್ನು ನೆಕ್ಕುತ್ತದೆ. ಕಣ್ಣು ಗುಳಿಬಿದ್ದು, ಮಲದೊಡನೆ ಬರುವ ಬಿಳಿಯ ಭಾಗ ಹಳದಿ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ನೀರು ಸಾಲದಾಗಿದೆ ಎಂದರ್ಥ. ಬಾಯಿ ತೆರೆದು ತಲೆ ಮೇಲೆತ್ತಿ ಉಸಿರಾಡುತ್ತಿದ್ದರೆ, ಬಾಯಲ್ಲಿ ನೊರೆಯೋ ಲೋಳೆಯೋ ಕಂಡರೆ ಶ್ವಾಸಕೋಶದ ಸೋಂಕು. ಶಾಖ ಮಿತಿಮೀರಿದಾಗಲೂ ಬಾಯಿ ತೆರೆಯುತ್ತದೆ, ಆದರೆ ತಂಪಿನೆಡೆಗೆ ಸರಿದೊಡನೆ ಮುಚ್ಚುತ್ತದೆ. ಪ್ರಾಣಿ ಹೆಣ್ಣಾಗಿದ್ದರೆ ಇನ್ನೊಂದು ಅಪಾಯವುಂಟು. ಗಂಡಿನ ಸಂಗವಿಲ್ಲದೆಯೂ ಅದು ಮೊಟ್ಟೆ ಕಟ್ಟುತ್ತದೆ. ಅಗೆದು ಇಡಲು ಸುಮಾರು ಒಂದು ಅಡಿ ಆಳದ ತೇವದ ಮರಳು ಸಿಗದಿದ್ದರೆ ಮೊಟ್ಟೆಗಳು ಒಳಗೇ ಉಳಿದು ಪ್ರಾಣಕ್ಕೆ ಮುಳುವಾಗುತ್ತವೆ. ಪತ್ರದಲ್ಲಿ ಗಂಡೋ ಹೆಣ್ಣೋ ಎಂಬುದು ತಿಳಿಸಿಲ್ಲವಾದುದರಿಂದ ವೈದ್ಯರು ಇದನ್ನೂ ನೋಡಲಿ.

ಜೇನು, ಹಾಲು, ಅರಿಸಿನದ ನೀರು ಮುಂತಾದ ಮನೆಮದ್ದುಗಳನ್ನು ಬಾಯಿಗೆ ಹಾಕಬಾರದು. ಬಲವಂತವಾಗಿ ತಿನ್ನಿಸಹೋದರೆ ಮೆತ್ತಗಾದ ದವಡೆ ಮುರಿದೀತು. ಜೀವಸತ್ವದ ಪುಡಿಯನ್ನು ಒಮ್ಮೆಲೇ ಹೆಚ್ಚು ಹಾಕುವುದೂ ಕೇಡು. ವೈದ್ಯರು ಎಕ್ಸ್‌ರೇ ತೆಗೆದು ಸುಣ್ಣದ ಔಷಧವನ್ನು ತೂಕಕ್ಕೆ ತಕ್ಕಂತೆ ಕೊಡುತ್ತಾರೆ. ಬಾಗಿದ ಎಲುಬು ಮತ್ತೆ ನೇರವಾಗಲಾರದು, ಆದರೆ ರೋಗ ಅಲ್ಲಿಗೇ ನಿಂತು ಪ್ರಾಣಿ ಬದುಕುವ ಸಾಧ್ಯತೆಯಿದೆ. ಇದನ್ನು ಮಗುವಿಗೆ ಮರೆಮಾಚದೆ ಹೇಳುವುದು ಲೇಸು.

ಒಯ್ಯುವಾಗ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಕತ್ತಲೆಯಲ್ಲಿ, ಹೆಚ್ಚು ಮುಟ್ಟದೆ ಒಯ್ಯಬೇಕು. ಅಂದಿನ ಹೊಸ ಮಲವನ್ನು ಚಿಕ್ಕ ಡಬ್ಬಿಯಲ್ಲಿ, ದೀಪದ ಮತ್ತು ಪಂಜರದ ಚಿತ್ರಗಳನ್ನು ಜೊತೆಯಲ್ಲಿ ತೆಗೆದುಕೊಂಡು ಹೋದರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ರೋಗಾಣುಗಳಿರುವ ಸಂಭವವಿರುವುದರಿಂದ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಪಂಜರದ ಸಾಮಾನುಗಳನ್ನು ಅಡುಗೆಮನೆಯ ತೊಟ್ಟಿಯಲ್ಲಿ ತೊಳೆಯಕೂಡದು. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳ ಕೈಗೆ ಕೊಡಕೂಡದು. ವೈದ್ಯರು ಏನೆಂದರೆಂಬುದನ್ನು ಆ ತಾಯಿಯವರು ನಮಗೆ ತಿಳಿಸಿದರೆ ಮುಂದಿನ ಆರೈಕೆಯ ವಿಷಯವನ್ನು ಬರೆಯುತ್ತೇವೆ.