ತಾಯಿಯನ್ನು ಕಟಕಟೆಗೆ ನಿಲ್ಲಿಸುವುದು ಧರ್ಮವಲ್ಲ

ಅಮಾವಾಸ್ಯೆಯ ದಿನ ಶ್ರೀಮಠಕ್ಕೆ ಬರುವ ಭಕ್ತರಲ್ಲಿ, ಎರಡು-ಮೂರು ವರ್ಷದ ಕೂಸನ್ನು ಎತ್ತಿಕೊಂಡು, ಜನರೆಲ್ಲ ಹೋಗುವವರೆಗೆ ಕಂಬದ ಮರೆಯಲ್ಲಿ ಕಾಯ್ದು ನಿಲ್ಲುವ ತಾಯಂದಿರನ್ನು ನಾವು ಮೇಲಿಂದ ಮೇಲೆ ಕಾಣುತ್ತೇವೆ. “ಅಪ್ಪಾರ, ಕರದ್ರ ಹೊಳ್ಳಿ ನೋಡಂಗಿಲ್ಲ. ಮೊದಲ ಅವ್ವಾ ಅಂತಿತ್ತು, ಈಗ ಅದೂ ಬಿಟ್ಟೈತಿ. ಆಟಿಸಂ ಇರಬಹುದು ಅಂತಾರ ಡಾಕ್ಟರು” ಎಂದು ಹೇಳುವಷ್ಟರಲ್ಲಿ ಆಕೆಯ ಕಣ್ಣು ತುಂಬಿರುತ್ತದೆ.

ಆಕೆಗೆ ಸಮಾಜ ಕೊಡುವ ಉತ್ತರವಾದರೂ ಏನು? ಗಂಡುಮಕ್ಕಳಿಗೆ ಮಾತು ತಡವೆಂದು ಒಬ್ಬರು, ದೃಷ್ಟಿ ತಗುಲಿದೆಯೆಂದು ಇನ್ನೊಬ್ಬರು, ತಾಯಿಯೇ ಮೊಬೈಲು ಕೊಟ್ಟು ಕೆಡಿಸಿದಳೆಂದು ಮತ್ತೊಬ್ಬರು. ಎಲ್ಲರಿಗಿಂತ ಕ್ರೂರಿಗಳು, ಇದು ಪೂರ್ವಜನ್ಮದ ಪಾಪವೆಂದು ತೀರ್ಪು ಕೊಡುವವರು.

ಪರರನ್ನು ದೂರುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಮಗುವಿನ ಹಣೆಗೆ ವಿಭೂತಿ ಹಚ್ಚಿ, “ಚಿಂತಿಸಬೇಡ ತಾಯಿ, ಎಲ್ಲ ಸರಿಹೋಗುತ್ತದೆ” ಎಂದು ಕಳುಹಿಸಿದೆವು. ಗುರುವಾಕ್ಯವೆಂದು ನಂಬಿದ ಆಕೆ ಎರಡು ವರ್ಷ ಯಾರಿಗೂ ತೋರಿಸದೆ ಕಾಯ್ದಳು. ಕೊನೆಗೆ ತಜ್ಞರ ಬಳಿಗೆ ಹೋದಾಗ ಅವರು ಕೇಳಿದ್ದು, “ಇಷ್ಟು ದಿನ ಏಕೆ ತಡಮಾಡಿದಿರಿ?” ಎಂದು. ಉತ್ತರ ಹೇಳಬೇಕಾದವರು ನಾವು. ತಲೆ ತಗ್ಗಿಸಿದವಳು ಆ ತಾಯಿ.

ತಾಯಿಯನ್ನು ದೂಷಿಸುವ ಮೌಢ್ಯ ನಮ್ಮ ನಾಡಿಗೆ ಮಾತ್ರ ಸೀಮಿತವೆಂದು ತಿಳಿಯಬೇಕಾಗಿಲ್ಲ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಪರೀಕ್ಷಿಸಿ ಆಟಿಸಂ ಅಥವಾ ಸ್ವಲೀನತೆಯ ಲಕ್ಷಣಗಳನ್ನು ಬರೆದಿಟ್ಟರು. ಅನಂತರ ಬಂದ ವಿದ್ವಾಂಸರು ತಾಯಿಯ ಮಮತೆ ಹೆಪ್ಪುಗಟ್ಟಿದ್ದೇ ಇದಕ್ಕೆ ಕಾರಣವೆಂದು ಸಾರಿದರು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಅದನ್ನೇ ಗ್ರಂಥವಾಗಿಸಿದರು. ಇಂಥ ಮಗುವಿನ ತಂದೆಯೂ ಮನೋವಿಜ್ಞಾನಿಯೂ ಆಗಿದ್ದ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿಯೇ ಈ ವಾದವನ್ನು ಖಂಡಿಸಿದ್ದರು. 1977ರಲ್ಲಿ ಪ್ರಕಟವಾದ ಅವಳಿ ಮಕ್ಕಳ ಅಧ್ಯಯನವು ಅನುವಂಶೀಯತೆಯತ್ತ ಬೆರಳು ಮಾಡಿತು. ಮಿದುಳಿನ ಬೆಳವಣಿಗೆಯ ರೀತಿಯೇ ಭಿನ್ನವಾಗಿರುವ ಸ್ಥಿತಿಯಿದು. ಸಾಕಿದ ದೋಷದಿಂದ ಬಂದದ್ದಲ್ಲ. ವಿದ್ವಾಂಸರೇ ಕೈಬಿಟ್ಟ ಆರೋಪವನ್ನು ನಮ್ಮ ಜಗಲಿಯ ಪಂಡಿತರು ಇಂದಿಗೂ ಹೊತ್ತು ತಿರುಗುವುದು ವಿಷಾದದ ಸಂಗತಿ.

ಇನ್ನು ಕರ್ಮದ ಮಾತು. ತೊಟ್ಟಿಲ ಕೂಸಿಗೆ ಲಿಂಗಧಾರಣೆ ಮಾಡುವಾಗ, ಇದು ಮುಂದೆ ಮಾತನಾಡುವುದೋ ಇಲ್ಲವೋ ಎಂದು ಯಾವ ಗುರುವಾದರೂ ಕೇಳಿದ್ದುಂಟೇ? ಲಿಂಗಸಂಬಂಧವಾದ ಜೀವಕ್ಕೆ ಪೂರ್ವಾಶ್ರಯವಿಲ್ಲವೆಂಬುದು ನಮ್ಮ ಸಿದ್ಧಾಂತ. ಅಂಥ ಮಗುವಿನ ಮೇಲೆ ಹಿಂದಿನ ಜನ್ಮದ ಪಾಪ ಹೊರಿಸುವವನು ತನ್ನ ಎದೆಯ ಮೇಲಿನ ಲಿಂಗವನ್ನೇ ನಂಬಿದವನಲ್ಲ.

ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗದಿರುವುದು, ಬೇಕಾದುದನ್ನು ಬೆರಳಿನಿಂದ ತೋರಿಸದಿರುವುದು, ಎರಡು ವರ್ಷವಾದರೂ ಎರಡು ಶಬ್ದ ಜೋಡಿಸದಿರುವುದು, ಬಂದ ಮಾತು ಮರಳಿ ಹೋಗುವುದು: ಇವನ್ನು ಕಂಡೊಡನೆ ತೋರಿಸಬೇಕು. ಮೊದಲು ಕಿವಿಯ ಪರೀಕ್ಷೆಯಾಗಲಿ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಸೇರಿದೆ.

“ಪರೀಕ್ಷೆ ಮಾಡಿಸಿದರೆ ಹೆಸರು ಅಂಟಿಕೊಳ್ಳುತ್ತದೆ” ಎಂದು ಹಿರಿಯರು ಅಂಜುತ್ತಾರೆ. ಪರೀಕ್ಷೆಯಲ್ಲಿ ಆಟಿಸಂ ಅಲ್ಲವೆಂದೂ ತಿಳಿಯಬಹುದು. ಹೌದೆಂದು ಖಚಿತವಾಗುವ ಮೊದಲೇ ಮಾತು-ಆಟಗಳ ತರಬೇತಿಯನ್ನು ಆರಂಭಿಸಬಹುದು. ಎಳೆಯ ಮಿದುಳು ಕಲಿಯುವ ಕಾಲದಲ್ಲಿ ಮನೆಯ ಮಾನಕ್ಕಾಗಿ ಮಗುವಿನ ದಿನಗಳನ್ನು ಕಳೆಯುವುದು ಯಾವ ಮರ್ಯಾದೆ? ಇದನ್ನು ಪೂರ್ಣ ಗುಣಪಡಿಸುವೆನೆಂದು ತಾಯತ, ಪುಡಿ, ಪಥ್ಯಗಳನ್ನು ಮಾರುವವರಿಗೆ ಒಂದು ಕಾಸೂ ಕೊಡಬೇಡಿ. ಅಂಥ ಔಷಧಿ ಇಲ್ಲ. ತಾಳ್ಮೆಯ ತರಬೇತಿಯಿದೆ, ಅದರಿಂದ ಮಗು ತನ್ನದೇ ಗತಿಯಲ್ಲಿ ಕಲಿಯುತ್ತದೆ.

ಸದ್ಭಕ್ತರೇ, ದಾಸೋಹವೆಂದರೆ ಪಂಕ್ತಿಯಲ್ಲಿ ಅನ್ನ ನೀಡುವುದಷ್ಟೇ ಅಲ್ಲ. ರಾತ್ರಿಯಿಡೀ ಮಗುವಿನೊಡನೆ ಎಚ್ಚರವಿದ್ದ ತಾಯಿಗೆ ಅತ್ತೆಯಾದವಳು ಹಗಲು ಎರಡು ಗಂಟೆ ಬಿಡುವು ಕೊಡಲಿ. ತಜ್ಞರ ಬಳಿಗೆ ಹೋಗುವಾಗ ತಂದೆಯೂ ಜೊತೆಗಿರಲಿ. ಪ್ರವಚನದ ನಡುವೆ ಮಗು ಕೂಗಿಕೊಂಡರೆ ಯಾರೂ ಹುಬ್ಬು ಗಂಟಿಕ್ಕಬೇಡಿ. ನಮ್ಮ ಮಾತು ಒಂದು ಗಳಿಗೆ ನಿಂತರೆ ಧರ್ಮಕ್ಕೆ ಹಾನಿಯಿಲ್ಲ.

ನಾವು ಇಂದಿಗೂ ವಿಭೂತಿ ಹಚ್ಚುತ್ತೇವೆ. ಹಚ್ಚಿದ ಮೇಲೆ, ತಜ್ಞರ ಬಳಿಗೆ ಯಾವ ದಿನ ಹೋಗುವಿರೆಂದು ಕೇಳದೆ ಯಾರನ್ನೂ ಕಳುಹಿಸುವುದಿಲ್ಲ. ಬರುವ ಅಮಾವಾಸ್ಯೆಗೆ ಆ ತಾಯಂದಿರು ಕಂಬದ ಮರೆಯನ್ನು ಬಿಟ್ಟು, ಮಗುವನ್ನು ಎತ್ತಿಕೊಂಡು ಎಲ್ಲರಿಗಿಂತ ಮುಂದೆ ಬರಲಿ. ಭಕ್ತರು ದಾರಿ ಬಿಡಬೇಕು.