ಜೂನ್ ತಿಂಗಳ ಮೊದಲ ಮೂರು ವಾರ

ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಡಿಗೆ ಹೋಗಿ, ಬೆಲ್ಲ ತೂಗಿಸಿಕೊಂಡು, ಉಳಿದ ಚಿಲ್ಲರೆ ಎಣಿಸಿ ತರುವ ಹುಡುಗಿ ಒಂದನೇ ತರಗತಿಗೆ ಸೇರಿದ ಕೆಲವೇ ದಿನಗಳಲ್ಲಿ ಬೇರೆಯೇ ಮಗುವಾಗಿಬಿಡುತ್ತಾಳೆ. ನೀರು ಕುಡಿಯಲು ಕೇಳಬೇಕು. ಒಂದಕ್ಕೆ ಹೋಗಲು ಕೇಳಬೇಕು. ಬಳಪ ಮುರಿದರೆ ಹೇಳಬೇಕು. ಬರೆದು ಮುಗಿಸಿದರೆ ಸ್ಲೇಟು ಹಿಡಿದು ಸಾಲಿನಲ್ಲಿ ನಿಂತು ‘ಮಿಸ್, ಸರಿನಾ?’ ಎನ್ನಬೇಕು. ಮಿಸ್ ಗುರುತು ಹಾಕುವ ತನಕ ಮುಂದಿನ ಕೆಲಸವಿಲ್ಲ. ಹೊಲದಲ್ಲಿ, ಹಟ್ಟಿಯಲ್ಲಿ, ಬೀದಿಯಲ್ಲಿ ಸ್ವಂತ ಬುದ್ಧಿಯಿಂದ ನಡೆಯುತ್ತಿದ್ದ ಮಗು ಶಾಲೆಯಲ್ಲಿ ಎಲ್ಲಕ್ಕಿಂತ ಮೊದಲು ಕಲಿಯುವುದು ಅಪ್ಪಣೆಗೆ ಕಾಯುವುದನ್ನು. ಅಕ್ಷರಕ್ಕೂ ಮುಂಚೆ ಕಲಿತದ್ದಾದ್ದರಿಂದ ಅದು ಹತ್ತನೇ ತರಗತಿಯವರೆಗೂ ಮರೆತುಹೋಗುವುದಿಲ್ಲ.

ಇದಕ್ಕೆ ಶಿಕ್ಷಕರನ್ನು ದೂರುವುದು ಸುಲಭ, ಆದರೆ ಅನ್ಯಾಯ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಂತೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ತರಗತಿಗಳು ಮಾತ್ರ ಐದು. ನಮ್ಮ ಸರ್ಕಾರಿ ಶಾಲೆಗಳಲ್ಲಿ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಪದ್ಧತಿಯ ಕೋಣೆಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಇಬ್ಬರಲ್ಲಿ ಒಬ್ಬರು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೋ ತರಬೇತಿಗೋ ಹೋದ ದಿನ ಐದೂ ತರಗತಿ ಉಳಿದವರ ಹೆಗಲಿಗೆ. ಅಂಥ ಕಡೆ ಪ್ರತಿ ಮಗುವೂ ಪ್ರತಿ ಹೆಜ್ಜೆಗೆ ಮಿಸ್ ಬಳಿ ಬರುವುದಾದರೆ ದಿನವೆಲ್ಲ ಉತ್ತರ ಕೊಡುವುದರಲ್ಲೇ ಕಳೆದುಹೋಗುತ್ತದೆ. ಮಕ್ಕಳ ಸ್ವಾವಲಂಬನೆ ಎಂದರೆ ದೊಡ್ಡ ಊರಿನ ಮಾಂಟೆಸೊರಿ ಶಾಲೆಗಳಿಗೆ ಸೇರಿದ ವಿಷಯ ಎಂದು ನಾವು ತಿಳಿದಿದ್ದೇವೆ. ಅದು ಜೀವನ್ಮರಣದ ಪ್ರಶ್ನೆಯಾಗಿರುವುದು ಇಬ್ಬರೇ ಶಿಕ್ಷಕರಿರುವ ಹಳ್ಳಿಯ ಶಾಲೆಗೆ.

ನಲಿ-ಕಲಿಯನ್ನು ರೂಪಿಸಿದವರಿಗೆ ಇದು ಗೊತ್ತಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಸುತ್ತಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಾವೇ ಕೂತು ಕಲಿಕೆಯ ಕಾರ್ಡುಗಳನ್ನು ಬರೆದರು. ಕಲಿಯಬೇಕಾದುದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ಮಗು ತಾನಿರುವ ಮೆಟ್ಟಿಲು ನೋಡಿಕೊಳ್ಳಬೇಕು, ತನ್ನ ಕಾರ್ಡನ್ನು ತಾನೇ ಹುಡುಕಿಕೊಳ್ಳಬೇಕು, ಅದರ ಮೇಲಿನ ಚಿತ್ರ ನೋಡಿ ಯಾವ ಗುಂಪಿನಲ್ಲಿ ಕೂರಬೇಕೆಂದು ತಿಳಿಯಬೇಕು. ಗುಂಪುಗಳು ಐದು: ಮೊದಲಿನದರಲ್ಲಿ ಶಿಕ್ಷಕರ ಪೂರ್ಣ ಬೆಂಬಲ, ಆಮೇಲೆ ಭಾಗಶಃ, ಆಮೇಲೆ ಸಹಪಾಠಿಗಳ ಪೂರ್ಣ ಬೆಂಬಲ, ಆಮೇಲೆ ಅವರದೇ ಭಾಗಶಃ ಬೆಂಬಲ, ಕೊನೆಗೆ ಸ್ವಕಲಿಕೆ. ಗೋಡೆಯ ಕೆಳಭಾಗಕ್ಕೆ, ಮಗುವಿನ ಕೈಗೆಟಕುವಂತೆ ಕಪ್ಪುಹಲಗೆ. ಶಿಕ್ಷಕರ ಕೈ ಹಂತಹಂತವಾಗಿ ಹಿಂದೆ ಸರಿಯುವುದನ್ನು ಇಷ್ಟು ಸ್ಪಷ್ಟವಾಗಿ ಯೋಜಿಸಿದ ಇನ್ನೊಂದು ಸರ್ಕಾರಿ ಕಾರ್ಯಕ್ರಮ ನನಗೆ ನೆನಪಾಗುತ್ತಿಲ್ಲ. 2009-10ರಿಂದ ಅದು ರಾಜ್ಯದ ಎಲ್ಲ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಹೋಯಿತು.

ಹೋದದ್ದು ಕಾರ್ಡು ಮತ್ತು ದುಂಡು ಮೇಜು. ಮಗುವನ್ನು ಆ ಐದನೇ ಗುಂಪಿಗೆ ಸಿದ್ಧಗೊಳಿಸಲು ಬೇಕಾದ ಸಮಯ ಹೋಗಲಿಲ್ಲ. ಹಾಗಾಗಿ ಎಷ್ಟೋ ಕೋಣೆಗಳಲ್ಲಿ ಸ್ವಕಲಿಕೆ ಗುಂಪಿನ ಮಕ್ಕಳು ಕಾರ್ಡು ಹಿಡಿದು ಸುಮ್ಮನೆ ಕುಳಿತಿರುತ್ತಾರೆ, ಇಲ್ಲವೇ ಪಕ್ಕದವನನ್ನು ಚಿವುಟುತ್ತಿರುತ್ತಾರೆ. ತಾನಾಗಿ ಕೆಲಸ ಮಾಡುವುದು ಮಗುವಿಗೆ ತಾನಾಗಿ ಬರುವುದಿಲ್ಲ. ಅದನ್ನೂ ಕಲಿಸಬೇಕು, ಅದೂ ಶಾಲೆ ಶುರುವಾದ ಹೊಸದರಲ್ಲೇ.

ಹೇಗೆ ಎಂಬುದು ಒಳ್ಳೆಯ ಶಿಕ್ಷಕಿಯರಿಗೆ ಗೊತ್ತಿದೆ. ಕಾರ್ಡನ್ನು ತಟ್ಟೆಯಿಂದ ತೆಗೆದು ಮತ್ತೆ ಅದೇ ಜಾಗಕ್ಕೆ ಇಡುವುದನ್ನೇ ತೆಗೆದುಕೊಳ್ಳಿ. ಅವರು ಅದನ್ನು ಬಾಯಲ್ಲಿ ಹೇಳುವುದಿಲ್ಲ. ಎಲ್ಲರೂ ನೋಡುವಂತೆ ನಿಧಾನವಾಗಿ ಎದ್ದು, ನಡೆದು, ತೆಗೆದು, ಕೂತು, ಮತ್ತೆ ಎದ್ದು ಇಟ್ಟು ಬರುತ್ತಾರೆ. ಆಮೇಲೆ ಒಂದು ಮಗು ಮಾಡುತ್ತದೆ, ಇನ್ನೊಂದು ಮಾಡುತ್ತದೆ. ತಪ್ಪು ಜಾಗಕ್ಕೆ ಇಟ್ಟರೆ ಗದರದೆ ಮತ್ತೊಮ್ಮೆ ಮಾಡಿ ತೋರಿಸುತ್ತಾರೆ. ಮರುದಿನವೂ ಅದೇ. ಈ ಒಂದೇ ಅಭ್ಯಾಸಕ್ಕೆ ನಾಲ್ಕೈದು ದಿನ ಹಿಡಿಯಬಹುದು. ಶೌಚಾಲಯಕ್ಕೆ ಹೋಗಲು ಬಾಗಿಲ ಪಕ್ಕ ಗಿಡ್ಡ ಮೊಳೆಗೆ ಒಂದು ಬಳೆ: ಬಳೆ ಇದ್ದರೆ ತೆಗೆದುಕೊಂಡು ಹೋಗು, ಇಲ್ಲದಿದ್ದರೆ ಯಾರೋ ಹೋಗಿದ್ದಾರೆ, ಕಾಯಿ. ಗೊತ್ತಾಗದಿದ್ದರೆ ಮೊದಲು ಇನ್ನೊಮ್ಮೆ ಕಾರ್ಡು ನೋಡು, ಆಮೇಲೆ ಪಕ್ಕದವಳನ್ನು ಕೇಳು, ಆಮೇಲೆ ನನ್ನ ಬಳಿ ಬಾ.

ಇವೆಲ್ಲಕ್ಕಿಂತ ಕಷ್ಟದ ಅಭ್ಯಾಸ ಶಿಕ್ಷಕರದ್ದು. ಮಗು ಪೆನ್ಸಿಲ್ ಹೆರೆಯಲು ಒದ್ದಾಡುವಾಗ ಕೈ ಚಾಚದೆ ನಿಲ್ಲಬೇಕು. ‘ಸರಿನಾ?’ ಎಂದು ಬಂದವನಿಗೆ ‘ನಿನಗೇನನ್ನಿಸುತ್ತೆ? ಕಾರ್ಡಿನ ಪಕ್ಕ ಇಟ್ಟು ನೋಡು’ ಎನ್ನಬೇಕು. ನಲವತ್ತು ಮಕ್ಕಳ ಗದ್ದಲದಲ್ಲಿ ಸರಿ ಗುರುತು ಹಾಕಿ ಕಳಿಸುವುದೇ ಬೇಗ ಆಗುವ ಕೆಲಸ. ಬೇಗ ಆಗುವುದನ್ನು ಜೂನ್‌ನಲ್ಲಿ ಬಿಟ್ಟವರಿಗೆ ಆಗಸ್ಟ್‌ನಿಂದ ಕೋಣೆ ತಾನಾಗಿ ನಡೆಯತೊಡಗುತ್ತದೆ.

ತರಬೇತಿ ಇಲ್ಲದೆ ಮಕ್ಕಳಿಂದ ಇದನ್ನು ನಿರೀಕ್ಷಿಸಿದರೆ ಏನಾಗುತ್ತದೆಂದು ತಿಳಿಯಲು ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ ಓದಬೇಕು. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಮಾಂಟೆಸೊರಿಯನ್ನು ಆಳವಾಗಿ ಓದಿಕೊಂಡವರು. ಅವರ ಪುಸ್ತಕದ ಶಿಕ್ಷಕ ನಾಲ್ಕನೇ ತರಗತಿಗೆ ಕಾಲಿಟ್ಟ ಮೊದಲ ದಿನವೇ ಮೌನದ ಆಟ ಆಡಿಸಲು ಹೋಗುತ್ತಾನೆ. ಮಕ್ಕಳು ಕೂಗಾಡಿ ಕೋಣೆಯನ್ನು ಸಂತೆ ಮಾಡುತ್ತಾರೆ. ಮರುದಿನ ಅವನು ಆಟ ಬಿಟ್ಟು ಕಥೆ ಹಿಡಿಯುತ್ತಾನೆ, ಮಕ್ಕಳ ವಿಶ್ವಾಸದಿಂದ ಶುರು ಮಾಡುತ್ತಾನೆ. ಬಿ.ಇಡಿ., ಡಿ.ಎಲ್.ಇಡಿ. ಓದುವ ಪ್ರತಿಯೊಬ್ಬರಿಗೂ ಆ ಮೊದಲ ಪುಟಗಳನ್ನು ಓದಿಸಬೇಕೆಂದು ನನ್ನ ಆಸೆ.

ಸ್ವಾವಲಂಬನೆಯ ಹೆಸರಿನಲ್ಲಿ ನಮ್ಮಲ್ಲಿ ಬೇರೆ ಎರಡು ಸಂಗತಿ ನಡೆಯುತ್ತವೆ. ಒಂದು, ಕ್ಲಾಸ್ ಲೀಡರು. ಮಾತಾಡಿದವರ ಹೆಸರು ಬೋರ್ಡ್ ಮೇಲೆ ಬರೆಯುವ ಹುಡುಗ ಶಿಕ್ಷಕರ ಪೊಲೀಸ್ ಅಷ್ಟೇ. ಉಳಿದವರು ಅವನಿಗೆ ಹೆದರಿ ಕೂರುವುದರಲ್ಲಿ ಯಾರೂ ಏನೂ ಕಲಿಯುವುದಿಲ್ಲ. ಶಾಲಾ ಸಂಸತ್ತಿನದೂ ಇದೇ ಕಥೆ. ಚುನಾವಣೆ ಸಂಭ್ರಮದಿಂದ ನಡೆಯುತ್ತದೆ. ನೀರಿನ ಮಂತ್ರಿಗೆ ಪ್ರಮಾಣವಚನ ಬೋಧಿಸಿದ ಮೇಲೆ ಟ್ಯಾಂಕಿನ ಬೀಗದ ಕೈ ಮಾತ್ರ ಹೆಡ್‌ಮಾಸ್ಟರ ಜೇಬಿನಲ್ಲೇ ಇದ್ದರೆ ಆ ಚುನಾವಣೆ ಏಕೆ?

ಎರಡನೆಯದು ನೋವಿನದು. ಮಕ್ಕಳು ತಮ್ಮ ಕೋಣೆಯನ್ನು ತಾವೇ ಒಪ್ಪವಾಗಿಡುವುದು ಒಳ್ಳೆಯದು. ಆದರೆ ಗಂಟೆ ಬಾರಿಸುವ ಕೆಲಸ ಹುಡುಗರಿಗೆ, ಕಸ ಗುಡಿಸುವುದು ಹುಡುಗಿಯರಿಗೆ ಎಂದು ಯಾರೂ ಹೇಳದೆಯೇ ಹಂಚಿಹೋಗುತ್ತದೆ. ಅದಕ್ಕಿಂತ ಕೆಳಗಿನ ಕೆಲಸ ಯಾರ ಪಾಲಿಗೆ ಬರುತ್ತದೆಂಬುದು ನಮಗೆಲ್ಲ ಗೊತ್ತು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿ ಸ್ವಚ್ಛಗೊಳಿಸಲು ಇಳಿಸಿದ್ದು ಈ ನಾಡು ತಲೆತಗ್ಗಿಸಿದ ಸುದ್ದಿ. ಅದು ಅಪರಾಧ, ಸ್ವಾವಲಂಬನೆಯ ಮಾತಿನ ಹತ್ತಿರಕ್ಕೂ ಅದು ಬರಬಾರದು. ಮಗುವಿಗೆ ಕೊಡುವ ಕೆಲಸ ಅದರ ಸ್ವಂತ ಕಲಿಕೆಗೆ, ಸ್ವಂತ ಜಾಗಕ್ಕೆ ಸೇರಿದ್ದಾಗಿರಬೇಕು. ಸರದಿ ಪಟ್ಟಿ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತಿರಬೇಕು, ಎಲ್ಲ ಜಾತಿಯ, ಎಲ್ಲ ಹುಡುಗ ಹುಡುಗಿಯರ ಹೆಸರೂ ಅದರಲ್ಲಿ ತಿರುಗಬೇಕು, ಒಂದು ದಿನ ಶಿಕ್ಷಕರ ಹೆಸರೂ ಬರಬೇಕು.

ಇನ್ನು ಇದನ್ನೆಲ್ಲ ಮಾಡಬೇಕಾದ ಶಿಕ್ಷಕರ ಜೂನ್ ಹೇಗಿರುತ್ತದೆ ನೋಡಿ. ತಳಿರು ತೋರಣ ಕಟ್ಟಿ ಪ್ರಾರಂಭೋತ್ಸವ. ದಾಖಲಾತಿ ಆಂದೋಲನ, ಮನೆಮನೆ ಭೇಟಿ. ಪಠ್ಯಪುಸ್ತಕ, ಸಮವಸ್ತ್ರ ಹಂಚಿಕೆ, ಅದರ ವರದಿ. ಸ್ಯಾಟ್ಸ್ ತಂತ್ರಾಂಶಕ್ಕೆ ಪ್ರತಿ ಮಗುವಿನ ವಿವರ. ಹಿಂದಿನ ತರಗತಿಯ ಕಲಿಕೆಯನ್ನು ಮರಳಿ ನೋಡುವ ಸೇತುಬಂಧದ ನೈದಾನಿಕ ಪರೀಕ್ಷೆ, ಅದರ ಅಂಕಪಟ್ಟಿ, ಸಾಫಲ್ಯ ಪರೀಕ್ಷೆ, ಅದರ ಅಂಕಪಟ್ಟಿ. ಅತಿಥಿ ಶಿಕ್ಷಕರು ಇನ್ನೂ ಬಂದಿರುವುದಿಲ್ಲ. ಮಕ್ಕಳ ಜೊತೆ ಶಿಕ್ಷಕರು ಅತಿ ಹೆಚ್ಚು ಇರಬೇಕಾದ ವಾರಗಳಲ್ಲೇ ಅವರು ಮೊಬೈಲ್ ಪರದೆಯ ಮುಂದಿರುತ್ತಾರೆ.

ಆದ್ದರಿಂದ ನನ್ನ ಕೋರಿಕೆ ನೇರವಾದದ್ದು. ಒಂದರಿಂದ ಮೂರನೇ ತರಗತಿಯವರೆಗೆ ಶಾಲೆ ಆರಂಭವಾದ ಮೂರು ವಾರ ಯಾವ ಪರೀಕ್ಷೆ, ಯಾವ ಮಾಹಿತಿ ಭರ್ತಿ ಬೇಡ. ಕಾಯ್ದೆ ಹೇಳುವ ಕನಿಷ್ಠ 200 ಕೆಲಸದ ದಿನಗಳಲ್ಲಿ ಹದಿನೆಂಟು ದಿನ ಕೋಣೆಯನ್ನು ನಡೆಸುವುದನ್ನು ಮಕ್ಕಳಿಗೆ ಕಲಿಸಲು ಮೀಸಲಿರಲಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ನಮೂನೆ ಹಿಡಿದು ಬರುವ ಬದಲು ಅರ್ಧ ದಿನ ಒಂದು ಮೇಜಿನ ಬಳಿ ಕೂತು, ಶಿಕ್ಷಕಿ ಇನ್ನೊಂದು ಮೇಜಿಗೆ ಹೋಗಲು ಅನುವು ಮಾಡಿಕೊಡಲಿ. ತಿಂಗಳ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವ ಬದಲು ‘ನನ್ನ ಮಕ್ಕಳು ಈ ತಿಂಗಳು ನನ್ನನ್ನು ಕೇಳದೆ ಏನೇನು ಮಾಡತೊಡಗಿದರು’ ಎಂದು ಒಬ್ಬೊಬ್ಬರೂ ಹೇಳಲಿ. ಮತ್ತು ಕಾರ್ಡು ತಿದ್ದುವ, ಸೇರಿಸುವ, ತಮ್ಮ ಊರಿನ ಮಾತಿಗೆ ಹೊಂದಿಸುವ ಅಧಿಕಾರ ಶಿಕ್ಷಕರಿಗೆ ಮರಳಲಿ. ಹೆಗ್ಗಡದೇವನಕೋಟೆಯ ಶಿಕ್ಷಕರು ಆ ಅಧಿಕಾರವಿದ್ದುದರಿಂದಲೇ ನಲಿ-ಕಲಿಯನ್ನು ಕಟ್ಟಿದರು. ಪ್ರತಿ ಹೆಜ್ಜೆಗೂ ಮೇಲಿನ ಆದೇಶಕ್ಕೆ ಕಾಯುವ ಶಿಕ್ಷಕಿ, ಕಾಯಬೇಡ ಎಂದು ಮಗುವಿಗೆ ಯಾವ ಧೈರ್ಯದಿಂದ ಹೇಳಬೇಕು?

ಮುಂದಿನ ಶೈಕ್ಷಣಿಕ ವರ್ಷದ ಮಾರ್ಗಸೂಚಿ ಬೇಸಿಗೆ ರಜೆ ಮುಗಿಯುವ ಮೊದಲೇ ಸಿದ್ಧವಾಗಿರುತ್ತದೆ. ವೇತನ, ವರ್ಗಾವಣೆಯ ಬೇಡಿಕೆಗಳ ಜೊತೆಗೆ ಈ ಮೂರು ವಾರಗಳನ್ನೂ ಸೇರಿಸಿ ಶಿಕ್ಷಕರ ಸಂಘಗಳು ಈಗಲೇ ಮನವಿ ಸಲ್ಲಿಸಲಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ (ಎಸ್‌ಡಿಎಂಸಿ) ತಂದೆ ತಾಯಂದಿರೂ ಅದಕ್ಕೆ ಸಹಿ ಹಾಕಲಿ.