ಲಂಡನ್ ಹೊರವಲಯದ ಇಂಡಿಯನ್ ಹೋಟೆಲ್‌ಗಳಿಗೆ ಗಿರಾಕಿ ಉಂಟು, ಭಟ್ರು ಇಲ್ಲ: 'ಶೆಫ್ ವೀಸಾ'ಕ್ಕೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

"ಲಂಡನ್‌ನ ಸೌತ್ ಇಂಡಿಯನ್ ಹೋಟೆಲಿಗೆ ದೋಸೆ ಭಟ್ರು ಬೇಕು. ಊಟ, ವಸತಿ ಫ್ರೀ. ವೀಸಾ ಗ್ಯಾರಂಟಿ."

ಇಂಥ ಮೆಸೇಜ್ ವಾಟ್ಸಾಪಿಗೆ ಬಂದರೆ ಕುಂದಾಪುರ, ಬೈಂದೂರು ಕಡೆಯ ಯಾವ ಹುಡುಗನಾದರೂ ಒಮ್ಮೆ ನಿಂತು ಓದುತ್ತಾನೆ. ಹೋಟೆಲ್ ಕೆಲಸ ನಮಗೆ ಹೊಸದಲ್ಲ. ಅಜ್ಜನ ಕಾಲದಲ್ಲಿ ಬೆಂಗಳೂರು, ಬೊಂಬಾಯಿ, ಮದ್ರಾಸು. ಆಮೇಲೆ ದುಬೈ, ಮಸ್ಕತ್ತು. ಹಾಗಾದ್ರೆ ಈಗ ಲಂಡನ್ ಯಾಕಾಗಬಾರದು ಅಂತ ಅನ್ನಿಸುವುದು ಸಹಜ.

ವಿಷಯ ಎಂತ ಅಂದ್ರೆ, ಮೆಸೇಜಿನ ಮೊದಲ ಅರ್ಧ ನಿಜ ಇರಬಹುದು. ಅಲ್ಲಿ ಭಟ್ರು ನಿಜವಾಗಿಯೂ ಬೇಕು. ಆದರೆ 'ವೀಸಾ ಗ್ಯಾರಂಟಿ' ಎಂಬ ಮಾತನ್ನು ನಂಬಲು ಈಗ ಕಾರಣವೇ ಇಲ್ಲ. 2025ರ ಜುಲೈ 22ರಿಂದ ಬ್ರಿಟನ್ ಸರ್ಕಾರ ಹೊರದೇಶದ ಅಡುಗೆಯವರಿಗೆ ಇದ್ದ ಮುಖ್ಯ ದಾರಿಯನ್ನು ಮುಚ್ಚಿದೆ. ಇದರ ಪೆಟ್ಟು ಅಲ್ಲಿನ ಹೋಟೆಲ್‌ಗಳಿಗೂ ಬಿದ್ದಿದೆ, ಇಲ್ಲಿ ಆಸೆ ಇಟ್ಟುಕೊಂಡವರಿಗೂ ಬಿದ್ದಿದೆ.

ಇವು ಯಾವ ಹೋಟೆಲ್‌ಗಳು?

ಲಂಡನ್ ಅಂದ ಕೂಡಲೇ ನಮಗೆ ನೆನಪಾಗುವುದು ಅರಮನೆ, ದೊಡ್ಡ ಗಡಿಯಾರ. ಭಾರತೀಯ ಊಟದ ವ್ಯಾಪಾರ ಹೆಚ್ಚು ಗಟ್ಟಿಯಾಗಿ ಬೇರು ಬಿಟ್ಟಿದ್ದು ಅಲ್ಲಲ್ಲ. ರೈಲಿನಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆ ಹೊರಗೆ ಹೋದರೆ ಸಿಗುವ ಬಡಾವಣೆಗಳಲ್ಲಿ.

ಪಶ್ಚಿಮದಲ್ಲಿ ಸೌತಾಲ್ ಇದೆ. 1950ರ ದಶಕದಲ್ಲಿ ಪಂಜಾಬಿನಿಂದ ಅಲ್ಲಿನ ರಬ್ಬರ್ ಫ್ಯಾಕ್ಟರಿಗೆ ಕೆಲಸಕ್ಕೆ ಬಂದವರು ಕಟ್ಟಿದ ಪೇಟೆ. ಅಲ್ಲಿನ ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿ ಇಂಗ್ಲಿಷ್ ಜೊತೆ ಗುರುಮುಖಿ ಅಕ್ಷರವೂ ಇದೆ. ವಾಯವ್ಯದಲ್ಲಿ ವೆಂಬ್ಲಿ. 1972ರಲ್ಲಿ ಈದಿ ಅಮೀನ್ ಉಗಾಂಡದ ಏಷ್ಯನ್ನರಿಗೆ 90 ದಿನದಲ್ಲಿ ದೇಶ ಬಿಡಿ ಎಂದಾಗ ಸುಮಾರು 28 ಸಾವಿರ ಜನ ಬ್ರಿಟನ್ನಿಗೆ ಬಂದರು. ಅವರಲ್ಲಿ ಅನೇಕರು ಗುಜರಾತಿಗಳು. ವೆಂಬ್ಲಿಯ ಈಲಿಂಗ್ ರೋಡಿನ ಫರ್ಸಾಣ್ ಅಂಗಡಿ, ಸಸ್ಯಾಹಾರಿ ಹೋಟೆಲ್‌ಗಳ ಹಿಂದೆ ಪೂರ್ವ ಆಫ್ರಿಕದಿಂದ ಹೀಗೆ ಬಂದ ಕುಟುಂಬಗಳ ದುಡಿಮೆ ಇದೆ. ದಕ್ಷಿಣದಲ್ಲಿ ಟೂಟಿಂಗ್. ಅಲ್ಲಿ ಕೇರಳದ ಊಟದ 'ಶ್ರೀ ಕೃಷ್ಣ' ಹೋಟೆಲ್ 1973ರಲ್ಲೇ ಶುರುವಾಯಿತು. ಅದೇ ಬೀದಿಯಲ್ಲಿ ಶ್ರೀಲಂಕಾ ತಮಿಳರ ದೋಸೆ, ಪಾಕಿಸ್ತಾನಿಗಳ ಕಬಾಬ್ ಎಲ್ಲವೂ ಸಿಗುತ್ತದೆ. ಪೂರ್ವದ ಈಸ್ಟ್ ಹ್ಯಾಮಿನಲ್ಲೂ ದೋಸೆ, ಇಡ್ಲಿ ಹುಡುಕಬೇಕಾಗಿಲ್ಲ.

ಇನ್ನೊಂದು ಮಾತು. ಬ್ರಿಟನ್ನಿನ ಊರೂರಿನಲ್ಲಿ 'ಇಂಡಿಯನ್ ರೆಸ್ಟೋರೆಂಟ್' ಎಂಬ ಬೋರ್ಡು ಕಾಣುತ್ತದಲ್ಲ, ಅದರಲ್ಲಿ ಬಹುಪಾಲು ನಡೆಸುತ್ತಾ ಬಂದವರು ಬಾಂಗ್ಲಾದೇಶದ ಸಿಲ್ಹೆಟ್ ಜಿಲ್ಲೆಯ ಮೂಲದವರು. ಹಡಗಿನಲ್ಲಿ ಕೆಲಸಕ್ಕಿದ್ದವರು ಬಂದರಿನಲ್ಲಿ ಇಳಿದು, ಅಡುಗೆ ಮನೆ ಸೇರಿ, ನಂತರ ಸ್ವಂತ ಹೋಟೆಲ್ ಮಾಡಿದರು. ಒಬ್ಬ ಹೋದ, ತಮ್ಮನನ್ನು ಕರೆಸಿಕೊಂಡ, ತಮ್ಮ ಭಾವನನ್ನು ಕರೆಸಿಕೊಂಡ. ಕರಾವಳಿಯ ಒಂದೊಂದು ಊರಿನವರು ಬೊಂಬಾಯಿ, ಬೆಂಗಳೂರಿನಲ್ಲಿ ಹೋಟೆಲ್ ಕಟ್ಟಿದ್ದೂ ಹೀಗೆಯೇ ಅಲ್ವಾ? ವ್ಯತ್ಯಾಸ ಒಂದೇ. ಬೊಂಬಾಯಿಗೆ ಹೋಗಲು ವೀಸಾ ಬೇಕಿರಲಿಲ್ಲ.

ಬಾಗಿಲು ಮುಚ್ಚಿದ್ದು ಹೇಗೆ?

2016ರಲ್ಲಿ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕೋ ಬೇಡವೋ ಎಂದು ಮತದಾನ ನಡೆಯಿತು. ಆಗ ಸಚಿವೆಯಾಗಿದ್ದ ಪ್ರೀತಿ ಪಟೇಲ್, ಒಕ್ಕೂಟ ಬಿಟ್ಟರೆ ನಮ್ಮ ಕರಿ ಹೋಟೆಲ್‌ಗಳು ಉಳಿಯುತ್ತವೆ ಎಂದು ಪ್ರಚಾರ ಮಾಡಿದರು. ಯುರೋಪಿನವರಿಗೆ ತೆರೆದ ಬಾಗಿಲು ಮುಚ್ಚಿದರೆ ದಕ್ಷಿಣ ಏಷ್ಯಾದ ಅಡುಗೆಯವರಿಗೆ ಜಾಗ ಆಗುತ್ತದೆ ಎಂಬುದು ಆ ವಾದ. ಹೋಟೆಲ್ ನಡೆಸುವ ಅನೇಕರು ಇದನ್ನು ನಂಬಿದರು.

ಮುಂದೆ ಏನಾಯಿತು ನೋಡಿ. 2021ರಲ್ಲಿ ಹೊಸ ಅಂಕ ಪದ್ಧತಿ ಬಂತು. ಅಡುಗೆಯವರಿಗೆ ಅದರಲ್ಲಿ ಜಾಗ ಸಿಕ್ಕಿದ್ದು ನಿಜ. ಆದರೆ ಸಾಮಾನ್ಯ ಕನಿಷ್ಠ ಸಂಬಳ ವರ್ಷಕ್ಕೆ 25,600 ಪೌಂಡ್. 2023ರಲ್ಲಿ ಅದು 26,200 ಆಯಿತು. 2024ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ 38,700. 2025ರ ಜುಲೈ 22ರಿಂದ 41,700. ಪೌಂಡಿಗೆ 115 ರೂಪಾಯಿ ಹಿಡಿದರೆ ಸುಮಾರು 48 ಲಕ್ಷ ರೂಪಾಯಿ. ಬಡಾವಣೆಯ ನಲವತ್ತು ಸೀಟಿನ ಹೋಟೆಲ್ ಒಬ್ಬ ಭಟ್ರಿಗೆ ಅಷ್ಟು ಕೊಟ್ಟು ಉಳಿಯುವುದು ಕಷ್ಟ.

ಅದಕ್ಕಿಂತ ದೊಡ್ಡ ಏಟು ಬೇರೆ. ಅದೇ ದಿನದಿಂದ 'ಸ್ಕಿಲ್ಡ್ ವರ್ಕರ್' ವೀಸಾ ಪದವಿ ಮಟ್ಟದ ಕೆಲಸಗಳಿಗೆ ಮಾತ್ರ ಎಂದಾಯಿತು. ಅದಕ್ಕಿಂತ ಕೆಳಗಿನ ಕೆಲವು ಕೆಲಸಗಳಿಗೆ ತಾತ್ಕಾಲಿಕ ಪಟ್ಟಿಯಲ್ಲಿ ವಿನಾಯಿತಿ ಕೊಟ್ಟರು. ಅದರಲ್ಲಿ ಅಡುಗೆಯವರು ಇಲ್ಲ. ಅಂದರೆ ಮಾಲೀಕ 50 ಸಾವಿರ ಪೌಂಡ್ ಕೊಡ್ತೇನೆ ಅಂದರೂ ಹೊರಗಿನಿಂದ ಹೊಸ ಭಟ್ರನ್ನು ಈ ದಾರಿಯಲ್ಲಿ ಕರೆಸುವ ಹಾಗಿಲ್ಲ. ಮೊದಲೇ ಈ ವೀಸಾದಲ್ಲಿ ಅಲ್ಲಿ ಇದ್ದವರಿಗೆ ನವೀಕರಣಕ್ಕೆ ಅವಕಾಶ ಉಳಿಸಿದ್ದಾರೆ, ಅಷ್ಟೇ.

ಮೂವತ್ತು ವರ್ಷ ಒಗ್ಗರಣೆ ಹಾಕಿದ ಕೈಯ ಅನುಭವ ಈ ನಿಯಮದ ಲೆಕ್ಕದಲ್ಲಿ 'ಕೌಶಲ' ಅಲ್ಲ ಎಂದಂತಾಯಿತು.

1,800ರ ಲೆಕ್ಕ ಏನು?

ಇದಾಗಿ ಎರಡೇ ದಿನಕ್ಕೆ, 2025ರ ಜುಲೈ 24ರಂದು, ಭಾರತ ಮತ್ತು ಬ್ರಿಟನ್ ನಡುವೆ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಅದರಲ್ಲಿ ವರ್ಷಕ್ಕೆ 1,800 ಮಂದಿಗೆ ಅವಕಾಶ ಎಂಬ ಸುದ್ದಿ ಇಲ್ಲಿ ಜೋರಾಗಿ ಓಡಿತು. 'ಲಂಡನ್‌ನಲ್ಲಿ 1,800 ಶೆಫ್ ಕೆಲಸ' ಎಂದು ಹೇಳುವ ಏಜೆಂಟರು ಹಿಡಿದುಕೊಳ್ಳುವುದು ಇದೇ ಸಂಖ್ಯೆಯನ್ನು.

ಮೊದಲನೆಯದು, ಈ 1,800 ಬರೀ ಅಡುಗೆಯವರಿಗಲ್ಲ. ಯೋಗ ಶಿಕ್ಷಕರು, ಶಾಸ್ತ್ರೀಯ ಸಂಗೀತಗಾರರು, ಅಡುಗೆಯವರು, ಮೂವರೂ ಹಂಚಿಕೊಳ್ಳಬೇಕು. ಅದೂ ಇಡೀ ಭಾರತಕ್ಕೆ. ಎರಡನೆಯದು, ಒಪ್ಪಂದದಲ್ಲಿ ಹೇಳಿರುವುದು ಅಡುಗೆ ಮನೆಯ ಮುಖ್ಯಸ್ಥರಾದ ಶೆಫ್‌ಗಳ ಬಗ್ಗೆ. ದೋಸೆ ಕಾವಲಿ ಮುಂದೆ ನಿಲ್ಲುವ ಹುಡುಗನಿಗೆ, ತರಕಾರಿ ಹೆಚ್ಚುವವನಿಗೆ, ಕ್ಲೀನರಿಗೆ ಅದು ಅನ್ವಯ ಆಗುವುದಿಲ್ಲ. ಮೂರನೆಯದು, ಅದು ಗುತ್ತಿಗೆಯ ಮೇಲೆ ಸೇವೆ ಕೊಟ್ಟು ವಾಪಸ್ ಬರುವ ತಾತ್ಕಾಲಿಕ ದಾರಿ. ಅಲ್ಲಿಯೇ ನೆಲೆಸಿ, ಮನೆಯವರನ್ನು ಕರೆಸಿಕೊಂಡು, ಮುಂದೆ ಸ್ವಂತ ಹೋಟೆಲ್ ಮಾಡುವ ಹಳೆಯ ದಾರಿ ಅದಲ್ಲ.

ಗಲ್ಲಾದಲ್ಲಿ ಉಳಿಯುವುದೆಷ್ಟು?

ನಮ್ಮ ಪೇಟೆಯ ಹೋಟೆಲಿನವರಿಗೆ ಇದು ಕುತೂಹಲದ ಲೆಕ್ಕ. ಇಲ್ಲಿ ಸಾಮಾನ್ಯ ಹೋಟೆಲ್ ಬಿಲ್ಲಿನ ಮೇಲೆ 5% ಜಿಎಸ್‌ಟಿ. ಅಲ್ಲಿ ಕುಳಿತು ತಿನ್ನುವ ಊಟಕ್ಕೆ, ಬಿಸಿ ಪಾರ್ಸಲಿಗೆ 20% ವ್ಯಾಟ್. ವರ್ಷದ ವಹಿವಾಟು 90 ಸಾವಿರ ಪೌಂಡ್ ದಾಟಿದರೆ ಕಟ್ಟಲೇಬೇಕು. ಉದಾಹರಣೆಗೆ ಒಂದು ಮಸಾಲೆ ದೋಸೆಗೆ ಎಲ್ಲ ಸೇರಿ 9 ಪೌಂಡ್ ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದೂವರೆ ಪೌಂಡ್ ನೇರ ಸರ್ಕಾರಕ್ಕೆ.

ಕೂಲಿ ಲೆಕ್ಕ ಇನ್ನೂ ಬಿಗಿ. 21 ವರ್ಷ ದಾಟಿದವರಿಗೆ 2025ರ ಏಪ್ರಿಲ್‌ನಿಂದ ಗಂಟೆಗೆ ಕನಿಷ್ಠ 12.21 ಪೌಂಡ್, 2026ರ ಏಪ್ರಿಲ್‌ನಿಂದ 12.71. ಪಾತ್ರೆ ತೊಳೆಯುವವನು ದಿನಕ್ಕೆ ಹತ್ತು ಗಂಟೆ ನಿಂತರೆ 127 ಪೌಂಡ್, ನಮ್ಮ ಲೆಕ್ಕದಲ್ಲಿ 14 ಸಾವಿರ ರೂಪಾಯಿಗೂ ಹೆಚ್ಚು. ಅದರ ಮೇಲೆ ಮಾಲೀಕ ಕಟ್ಟುವ ರಾಷ್ಟ್ರೀಯ ವಿಮೆ 2025ರ ಏಪ್ರಿಲ್‌ನಲ್ಲಿ 13.8%ರಿಂದ 15%ಕ್ಕೆ ಏರಿತು. ಸಣ್ಣವರಿಗೆ ಇದರಲ್ಲಿ ಸ್ವಲ್ಪ ರಿಯಾಯಿತಿ ಇದೆ. ಅದೇ ತಿಂಗಳು ಅಂಗಡಿ, ಹೋಟೆಲ್ ಕಟ್ಟಡಗಳ ತೆರಿಗೆಯಲ್ಲಿ ಸಿಗುತ್ತಿದ್ದ 75% ವಿನಾಯಿತಿ 40%ಕ್ಕೆ ಇಳಿಯಿತು.

ಈ ಕೂಲಿ ಏರಿದ್ದು ತಪ್ಪು ಅಂತ ಹೇಳುತ್ತಿಲ್ಲ. ದುಡಿಯುವವನಿಗೆ ಸಿಗಬೇಕಾದ್ದು ಸಿಗಲಿ. ಆದರೆ ಎಷ್ಟೋ ಹೋಟೆಲ್ ಇಷ್ಟು ವರ್ಷ ನಡೆದದ್ದು ಮನೆಯವರ ಬಿಟ್ಟಿ ದುಡಿಮೆಯಿಂದ. ಅಪ್ಪ ಅಡುಗೆ ಮನೆಯಲ್ಲಿ, ಅಮ್ಮ ಹಿಟ್ಟಿನ ಮುಂದೆ, ಮಕ್ಕಳು ಶಾಲೆ ಮುಗಿಸಿ ಟೇಬಲ್ ಒರೆಸಲು. ಆ ಮಕ್ಕಳು ಓದಿ ಡಾಕ್ಟರು, ಅಕೌಂಟೆಂಟ್ ಆದರು. ರಾತ್ರಿ ಹನ್ನೊಂದರವರೆಗೆ ಹೊಗೆ ಕುಡಿಯಲು ಅವರಿಗೆ ಮನಸ್ಸಿಲ್ಲ. ಅಪ್ಪನಿಗೂ ಮಕ್ಕಳು ಅಲ್ಲಿ ನಿಲ್ಲುವುದು ಬೇಕಿಲ್ಲ. ಹೊರಗಿನಿಂದ ಬರುವ ಭಟ್ರೇ ಉಳಿದ ಆಸರೆ ಆಗಿತ್ತು. ಅದೂ ಈಗ ತಪ್ಪಿತು.

ಹಾಗಾಗಿ ಮುಂದಿನ ವರ್ಷಗಳಲ್ಲಿ ಈ ಬೀದಿಗಳ ರೂಪ ಬದಲಾಗಬಹುದು. ಒಂದೇ ಕಡೆ ಅಡುಗೆ ಮಾಡಿ ಹತ್ತು ಶಾಖೆಗೆ ಕಳಿಸುವ ದೊಡ್ಡ ಚೈನ್‌ಗಳು ಹೇಗೋ ತಾಳಿಕೊಳ್ಳುತ್ತವೆ. ಉದ್ದದ ಮೆನು ಇಟ್ಟುಕೊಂಡ ಮನೆತನದ ಹೋಟೆಲ್‌ಗಳೇ ಮೊದಲು ಸೋಲುವುದು. ಇದು ನಮ್ಮ ಅಂದಾಜು. ಆದರೆ ಲೆಕ್ಕ ಅತ್ತಲೇ ವಾಲುತ್ತಿದೆ.

ಕಳ್ಳದಾರಿ ಹಿಡಿದರೆ?

"ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಹೋದ ಮೇಲೆ ಮಾಡಿಸಿಕೊಡ್ತೇವೆ" ಅನ್ನುವವರು ಇದ್ದಾರೆ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಪದವಿ ಓದಲು ವಿದ್ಯಾರ್ಥಿ ವೀಸಾದಲ್ಲಿ ಹೋದವರು ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಪರವಾನಗಿ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಂಡ ಮಾಲೀಕನಿಗೆ 2024ರ ಫೆಬ್ರವರಿಯಿಂದ ಮೊದಲ ಸಲ ಒಬ್ಬನಿಗೆ 45 ಸಾವಿರ ಪೌಂಡ್‌ವರೆಗೆ, ಮತ್ತೆ ಸಿಕ್ಕಿಬಿದ್ದರೆ 60 ಸಾವಿರದವರೆಗೆ ದಂಡ. ಇಷ್ಟು ಅಪಾಯ ತಲೆ ಮೇಲೆ ಇಟ್ಟುಕೊಂಡು ಕೆಲಸ ಕೊಡುವವನು ಸರಿಯಾದ ಸಂಬಳ ಕೊಡ್ತಾನೆ ಅಂತ ನಂಬುವುದು ಹೇಗೆ ಮಾರಾಯ್ರೆ? ಕೊಡದಿದ್ದರೆ ಹುಡುಗ ಪೊಲೀಸರ ಹತ್ತಿರ ಹೋಗಲೂ ಹೆದರುತ್ತಾನೆ.

ದುಡ್ಡು ಕೊಡುವ ಮುಂಚೆ ಇಷ್ಟು ನೋಡಿ

1. ನಮ್ಮ ದೇಶದ 1983ರ ವಲಸೆ ಕಾಯ್ದೆ ಪ್ರಕಾರ ವಿದೇಶಿ ಕೆಲಸಕ್ಕೆ ಜನ ಕಳಿಸುವ ಏಜೆಂಟ್ ಕೇಂದ್ರ ಸರ್ಕಾರದಲ್ಲಿ ನೋಂದಣಿ ಆಗಿರಲೇಬೇಕು. 'ಇ-ಮೈಗ್ರೇಟ್' ಪೋರ್ಟಲ್‌ನಲ್ಲಿ ಹೆಸರು ಹುಡುಕಿ. ಇಲ್ಲದಿದ್ದರೆ ಅಲ್ಲಿಗೇ ಮಾತು ಮುಗಿಸಿ.

2. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಬ್ಯಾಂಕಿನ ಮೂಲಕವೇ ಕೊಡಿ, ರಸೀದಿ ತೆಗೆದುಕೊಳ್ಳಿ. ಐದು ಲಕ್ಷ, ಹತ್ತು ಲಕ್ಷ ಕೇಳಿದರೆ ಅದು ಶುಲ್ಕ ಅಲ್ಲ.

3. "ಸ್ಪಾನ್ಸರ್ ಸರ್ಟಿಫಿಕೇಟಿಗೆ ಇಷ್ಟು ಲಕ್ಷ" ಎಂದರೆ ಎಚ್ಚರ. ಸ್ಕಿಲ್ಡ್ ವರ್ಕರ್ ವೀಸಾದ ಆ ಖರ್ಚನ್ನು ಕೆಲಸಗಾರನ ತಲೆಗೆ ಕಟ್ಟುವುದನ್ನು ಬ್ರಿಟನ್ ಸರ್ಕಾರ 2024ರ ಡಿಸೆಂಬರ್ 31ರಿಂದ ನಿಷೇಧಿಸಿದೆ.

4. ಯಾವ ವೀಸಾ, ಅದರ ಹೆಸರೇನು, ಎಷ್ಟು ತಿಂಗಳು ಎಂದು ಬರಹದಲ್ಲಿ ಕೇಳಿ. "ಶೆಫ್ ವೀಸಾ" ಎಂಬ ಹೆಸರಿನ ವೀಸಾ ಇಲ್ಲ.

ನಮಗೆ ಇದರಲ್ಲಿ ಏನುಂಟು?

ಹೋಟೆಲ್ ಮಾಡುವವರು ದೂರದ ಊರಿನಿಂದ ಕಲಿತದ್ದು ನಮ್ಮ ಜಿಲ್ಲೆಗೆ ಹೊಸದಲ್ಲ. ಕೋಟ ಹತ್ತಿರದ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಹೋಟೆಲೇ ಇವತ್ತಿನ ಎಂಟಿಆರ್. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ, ಅಲ್ಲಿನ ಹೋಟೆಲ್‌ಗಳ ಶುಚಿತ್ವ ನೋಡಿ ಬಂದು ತಮ್ಮ ಅಡುಗೆ ಮನೆಯನ್ನೇ ಬದಲಾಯಿಸಿದರು.

ಇವತ್ತು ಅಲ್ಲಿಂದ ನೋಡಿ ಕಲಿಯಬೇಕಾದ್ದು ಬೇರೆ. ವೆಂಬ್ಲಿ, ಟೂಟಿಂಗಿನ ಹೋಟೆಲಿನವರಿಗೆ ಹೆಸರಿದೆ, ಜಾಗವಿದೆ, ಗಿರಾಕಿ ಇದ್ದಾರೆ. ಇಲ್ಲದಿರುವುದು ಒಲೆ ಮುಂದೆ ನಿಲ್ಲುವ ಜನ. ಮುಂದಿನ ತಲೆಮಾರಿಗೆ ಆ ಕೆಲಸದಲ್ಲಿ ಗೌರವ, ರಜೆ, ಬೆಳೆಯುವ ದಾರಿ ಕಾಣದೆ ಹೋದಾಗ ಹೊರಗಿನಿಂದ ಜನ ತಂದು ಸುಧಾರಿಸಿದರು. ಸರ್ಕಾರ ಒಂದು ದಿನ ಬಾಗಿಲು ಹಾಕಿತು.

ನಮ್ಮ ಪೇಟೆಯಲ್ಲೂ "ಜನ ಸಿಗುವುದಿಲ್ಲ" ಎಂಬ ಮಾತು ಕೇಳದ ಹೋಟೆಲ್ ಕಡಿಮೆ. ಎಷ್ಟೋ ಅಡುಗೆ ಮನೆಗಳಲ್ಲಿ ಈಗ ಉತ್ತರದ, ನೇಪಾಳದ ಹುಡುಗರೇ ಆಧಾರ. ಅವರು ದುಡಿಯಲಿ, ತೊಂದರೆ ಇಲ್ಲ. ಆದರೆ ಅವರೂ ನಾಳೆ ತಮ್ಮ ಊರಿನಲ್ಲೇ ಕೆಲಸ ಸಿಕ್ಕಿತೆಂದು ಹೊರಟರೆ ಕಾವಲಿ ಮುಂದೆ ಯಾರು? ವಾರಕ್ಕೊಂದು ರಜೆ, ಪಿಎಫ್, ಐದು ವರ್ಷ ನಿಂತವನಿಗೆ ಲಾಭದಲ್ಲಿ ಒಂದು ಪಾಲು — ಇದನ್ನು ಈಗಲೇ ಯೋಚಿಸಿದ ಮಾಲೀಕರಿಗೆ ನಮ್ಮೂರ ಹುಡುಗರೂ ಸಿಗಬಹುದು. ಲಂಡನ್ ಮೆಸೇಜಿಗೆ ಲಕ್ಷಗಟ್ಟಲೆ ಸಾಲ ಮಾಡಲು ಹೊರಟ ಹುಡುಗನೂ ಆಗ ಎರಡು ಸಲ ಯೋಚಿಸಿಯಾನು.